ಗುಳಿಗುಟ್ಟು

ನನ್ನ ಬಾಯಿಂದ ಬಂತೆಂದು ನಮ್ಮ ಮನೆಯವರೆಲ್ಲ ನಂಬಿರುವ ಒಂದು ಮಾತಿದೆ. ಆ ಮಾತನ್ನು ನೆಚ್ಚಿ ಹಿತ್ತಲ ಹಲಸಿನ ಬುಡದಲ್ಲಿ ಒಂದು ಕಲ್ಲು ನೆಟ್ಟರು. ಕಲ್ಲಿಗೆ ಸಂಜೆ ದೀಪ, ವರ್ಷಕ್ಕೊಮ್ಮೆ ಕೋಳಿ. ಆದರೆ ಆ ಮಾತನ್ನು ಆಡಿದ ನೆನಪು ಮಾತ್ರ ನನಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕ ಫೋನ್ ಮಾಡಿದಾಗ ನಾನು ಪೊನ್ನಂಪೇಟೆಯ ಕಚೇರಿಯಲ್ಲಿದ್ದೆ.

“ಹಲಸಿನ ಮರ ಕಡಿಯೊಕು. ನೀ ಬರೊಕು.”

“ಮರ ಕಡಿಯೋಕೆ ನಾನ್ ಯಾಕೆ? ಬಾವ ಇಲ್ಲೆನಾ?”

“ಮರಕ್ಕೆ ಬಾವ ಸಾಕು. ಕಲ್ಲಿಗೆ ನೀನೇ ಆಕು.”

ಗುಡ್ಡಗಳ ಮಣ್ಣು ಜಾರಿದ ಆ ಮಳೆಗಾಲಗಳ ನಂತರ ಬಿಟ್ಟಂಗಾಲದ ನಮ್ಮ ಮನೆಯ ಹಿಂದಿನ ಹಲಸು ಸ್ವಲ್ಪಸ್ವಲ್ಪವೇ ವಾಲುತ್ತ ಬಂದಿತ್ತು. ಈಗ ಅದರ ದೊಡ್ಡ ಕೊಂಬೆ ಅವ್ವ ಮಲಗುವ ಕೋಣೆಯ ಹಂಚಿನ ಮೇಲೇ ಚಾಚಿಕೊಂಡಿದೆ. ಜೂನ್‌ಗೆ ಮೊದಲು ಕಡಿಯಲೇಬೇಕು. ಆದರೆ ಬುಡದಲ್ಲಿ ಗುಳಿಗನ ಕಲ್ಲಿದೆ. ಗುಳಿಗ ಕಾವಲಿನ ದೈವ. ನೋಡಿಕೊಂಡರೆ ಕಾಯುತ್ತದೆ, ಮರೆತರೆ ಮನೆಗೆ ಉಪದ್ರ ಕೊಡುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಕಲ್ಲನ್ನು ಬೇರೆ ಕಡೆ ಇಡಬಹುದು. ಆದರೆ ಪೂಜೆಯವರು ಒಂದು ಕಟ್ಟುಪಾಡು ಹೇಳಿದ್ದರು: ಆ ಜಾಗವನ್ನು ಮೊದಲು ಕಂಡವನು ಬದುಕಿದ್ದರೆ ಅವನೇ ಬಂದು, ಕಲ್ಲು ಮುಟ್ಟಿ, ಕಂಡದ್ದನ್ನು ಹೇಳಬೇಕು. ಆಮೇಲೆಯೇ ಎತ್ತುವುದು.

ಕಂಡವನು ನಾನು. ಆಗ ನನಗೆ ಐದು ವರ್ಷ.

ಮನೆಯಲ್ಲಿ ಆ ಕಥೆಯನ್ನು ಹೇಳುವುದು ಹೀಗೆ. ಅಪ್ಪ ಭಾಗಮಂಡಲದ ಕಡೆಯಿಂದ ಇಲ್ಲಿಗೆ ಬಂದು ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದರೆ ಆಳುಗಳ ಹಾಜರಿ, ತೂಕ ಎಂದು ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಅಂಥ ಒಂದು ಪಿಕ್ಕಿಂಗ್ ಸಮಯದಲ್ಲಿ, ಇನ್ನೂ ನಡೆಯಲು ಕಲಿಯದ ನನ್ನ ತಮ್ಮನಿಗೆ ಜ್ವರ ಬಂತು. ಅಪ್ಪ ಬರಲಿ, ವಿರಾಜಪೇಟೆಗೆ ಕರೆದುಕೊಂಡು ಹೋಗೋಣ ಎಂದು ಅವ್ವ ಕಾದಳು. ಅಪ್ಪ ಬಂದ ದಿನ ಬೆಳಿಗ್ಗೆಯೇ ಮಗು ಹೋಗಿತ್ತು. ಅದರ ಬೆನ್ನಿಗೇ ನನಗೂ ಜ್ವರ. ಈ ಸಲ ಅಪ್ಪ ಡಾಕ್ಟರ ಹತ್ತಿರ ಓಡಿ ಮದ್ದು ತಂದರು. ಜ್ವರ ಇಳಿಯಲಿಲ್ಲ. ಒಂದು ಮಧ್ಯಾಹ್ನ ನಾನು ಕಿಟಕಿಯಿಂದ ಹಲಸಿನ ಮರದ ಬುಡಕ್ಕೆ ಬೆರಳು ತೋರಿಸಿ ಹೇಳಿದೆನಂತೆ: “ಅಲ್ಲಿ ಗುಳಿಗುಟ್ಟು.”

ಪಕ್ಕದಲ್ಲಿ ಕೂತಿದ್ದ ಅಕ್ಕ ಅಂಗಳಕ್ಕೆ ಓಡಿಹೋಗಿ ಅದನ್ನು ಅವ್ವನಿಗೆ ಹೇಳಿದಳು. ಅಪ್ಪ ಮಾಕುಟ್ಟದ ಆಚೆಗೆ, ಮಲಯಾಳ ಸೀಮೆಗೆ ಜನ ಕಳಿಸಿ ಪೂಜೆಯವರನ್ನು ಕರೆಸಿದರು. ಅವರು ಬಂದು, ನೋಡಿ, ಹೌದು, ಬಹಳ ಕಾಲದಿಂದ ಯಾರೂ ಕೇಳದೆ ಬಿಟ್ಟ ದೈವ, ಕೋಪದಲ್ಲಿದೆ ಎಂದರು. ಕಲ್ಲು ನೆಟ್ಟರು. ಮರುದಿನ ನಾನು ಎದ್ದು ಗಂಜಿ ಕೇಳಿದೆ.

ಮೈಸೂರಿನಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎ. ಓದುವಾಗ ಇದನ್ನೇ ನಾನು ಇನ್ನೊಂದು ಬಗೆಯಲ್ಲಿ ಹೇಳಲು ಕಲಿತೆ. ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ ‘ಇದೆ’ ಎನ್ನಲು ‘ಉಟ್ಟು’ ಎನ್ನುತ್ತೇವೆ. ಗುಳಿಗ ಉಟ್ಟು ಎಂದರೆ ದೈವ ಇದೆ. ಗುಳಿಗೆ ಉಟ್ಟು ಎಂದರೆ ಮಾತ್ರೆ ಇದೆ. ಬಾಯಲ್ಲಿ ಎರಡೂ ಕೂಡಿಕೊಂಡು ‘ಗುಳಿಗುಟ್ಟು’ ಆಗುತ್ತದೆ. ಜ್ವರದ ಗುಳಿಗೆ ಕಹಿ. ಅದನ್ನು ನಾಲಗೆಯಡಿ ಇಟ್ಟುಕೊಂಡು, ಅವ್ವ ಅತ್ತ ಹೋದ ಮೇಲೆ ಹಿತ್ತಲಿಗೆ ನಡೆದು, ಹಲಸಿನ ಬೇರುಗಳ ನಡುವೆ ಉಗಿದು, ಮೇಲೆ ತರಗೆಲೆ ಮುಚ್ಚಿ ಬಂದಿದ್ದೆ. ಆಮೇಲೆ ಜ್ವರದಲ್ಲಿ ಭಯವಾಗಿಯೋ ಏನೋ, ಗುಳಿಗೆ ಅಲ್ಲಿದೆ ಎಂದು ಅಕ್ಕನಿಗೆ ಬಾಯಿಬಿಟ್ಟೆ. ಹುಡುಗಿ ಅದನ್ನು ಅಂಗಳದವರೆಗೆ ಹೊರುವಷ್ಟರಲ್ಲಿ ಮಾತ್ರೆ ದೈವವಾಗಿತ್ತು.

ಹಾಸ್ಟೆಲಿನಲ್ಲಿ ಚಹಾ ಕುಡಿಯುತ್ತ ಇದನ್ನು ಹೇಳಿದಾಗ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಲ್ಲೆಲ್ಲ ಜನ ನಕ್ಕಿದ್ದಾರೆ, ತಲೆದೂಗಿದ್ದಾರೆ. ನಾನು ಒಂದು ಉದ್ಯೋಗದಲ್ಲಿ ಸರಿಯಾಗಿ ನಿಂತವನಲ್ಲ. ಪಾಠ ಹೇಳಿದೆ, ಒಂದು ಸಂಸ್ಥೆಯಲ್ಲಿ ಆಪ್ತಸಲಹೆಯ ಕೆಲಸ ಮಾಡಿದೆ, ಬಿಟ್ಟೆ, ಕೊನೆಗೆ ಸರ್ಕಾರಿ ಕಚೇರಿ ಸೇರಿದೆ. ಇಷ್ಟರಲ್ಲೂ ಕೈಬಿಡದೆ ನನ್ನ ಜೊತೆ ಬಂದದ್ದು ಈ ಗುಳಿಗೆಯ ಕಥೆ. ನಾನು ಏನನ್ನೂ ನಂಬುವವನಲ್ಲ ಎಂಬುದಕ್ಕೆ ಅದೇ ನನ್ನ ಸಾಕ್ಷಿ.

ಅಕ್ಕನ ಫೋನ್ ಇಟ್ಟ ಮೇಲೆ ಒಂದು ವಿಷಯ ಮೊದಲ ಬಾರಿಗೆ ಚುಚ್ಚಿತು. ಮೈಸೂರಿನ ಆ ಚಹಾಕ್ಕೆ ಮೊದಲು ಈ ನೆನಪು ನನ್ನಲ್ಲಿ ಇತ್ತೆ?

ನೆನಪನ್ನು ಕಣ್ಣೆದುರು ತಂದುಕೊಂಡೆ. ಚಡ್ಡಿ ಹಾಕಿದ ಒಬ್ಬ ಸಣ್ಣ ಹುಡುಗ ಬಗ್ಗಿ, ಬೇರುಗಳ ನಡುವೆ ಎಲೆ ಸರಿಸುತ್ತಿದ್ದಾನೆ. ಬೆನ್ನೆಲುಬು ಎದ್ದು ಕಾಣುತ್ತಿದೆ. ತುಂಬ ಸ್ಪಷ್ಟ. ಆದರೆ ಆ ಬೆನ್ನು ನನ್ನದು. ನನ್ನ ಬೆನ್ನನ್ನು ನಾನು ಕಂಡದ್ದು ಹೇಗೆ? ಹಾಗೆ ಹೊರಗಿನಿಂದ ಕಾಣುವ ನೆನಪುಗಳನ್ನು ಸುಲಭವಾಗಿ ನಂಬಬಾರದೆಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ.

ಶನಿವಾರ ಬಿಟ್ಟಂಗಾಲಕ್ಕೆ ಹೋದೆ. ಬಾವ ಹಿತ್ತಲಲ್ಲಿ ಮರದ ಮೇಲಿನ ಮೆಣಸಿನ ಬಳ್ಳಿಯನ್ನು ಬಿಡಿಸಿ ಕೆಳಗೆ ಇಳಿಸುತ್ತಿದ್ದರು. ನನ್ನನ್ನು ಕಂಡು ಏಣಿಯ ಮೇಲಿನಿಂದಲೇ ಕೂಗಿದರು.

“ಬಂದೊ ನೋಡ್, ದೇವ್ರು ಕಂಡ ಗುರುಗಳ್! ದರ್ಶನ ಫ್ರೀಯಾ, ಟಿಕೆಟ್ ಉಟ್ಟಾ?”

“ನಿಮ್ಗೆ ಅರ್ಧ ಟಿಕೆಟ್, ಬಾವ.”

“ನೋಡ್, ನಿಂಗೆ ಅದ್ ಗುಳಿಗನೋ ಗುಳಿಗೆನೋ, ನಂಗೆ ಗೊತ್ತಿಲ್ಲೆ. ನಂಗೆ ಗೊತ್ತಿರ್ದು ಒಂದೇ. ಮರ ಬಿದ್ರೆ ಹಂಚು ಹೋಗ್ತದೆ, ಹಂಚಿನಡೀಲಿ ಅತ್ತೆ ಉಟ್ಟು.”

ಗುಳಿಗೆಯ ಕಥೆ ಬಾವನಿಗೆ ಗೊತ್ತು. ಅಕ್ಕನ ಮದುವೆಯಾದ ಹೊಸದರಲ್ಲಿ ಒಮ್ಮೆ ನಾನೇ ಹೇಳಿದ್ದೆ. ಅವರೂ ನಕ್ಕಿದ್ದರು. ಆದರೆ ಕಲ್ಲಿನ ಮುಂದೆ ಚಪ್ಪಲಿ ಬಿಡುವುದನ್ನು ಬಿಟ್ಟಿರಲಿಲ್ಲ.

“ಅವ್ವನ ಮುಂಭಾಗದ ಕೋಣೆಗೆ ಬದಲ್ಸಿದ್ರೆ ಆತ್ತಲ್ಲ?”

“ಕೇಳ್‌ನೋಡ್. ನಾ ಕೇಳಿ ಬೈಗುಳ ತಿಂದಾತ್.”

ಅಡುಗೆಮನೆಯಲ್ಲಿ ಅಕ್ಕ ಕಡುಬಿನ ಹಿಟ್ಟು ಮಾಡುತ್ತಿದ್ದಳು. ನಾನು ನೇರವಾಗಿ ಕೇಳಿದೆ.

“ಅಕ್ಕ, ನಾವ್ ಸಣ್ಣ ಇರ್ಕನ ಜ್ವರದ ಮದ್ದಿಗೆ ಎಂತ ಹೇಳ್ತಿದ್ದದ್? ಗುಳಿಗೆನಾ, ಮಾತ್ರೆನಾ?”

ಅವಳು ಕೈ ನಿಲ್ಲಿಸದೆ ಹೇಳಿದಳು: “ಗುಳಿಗೆ.” ಆಮೇಲೆ, “ಮಾತ್ರೆನೂ ಹೇಳ್ತಿದ್ದೊ ಕಾಣ್ತದೆ.” ಇನ್ನೂ ಸ್ವಲ್ಪ ಹೊತ್ತಾದ ಮೇಲೆ, “ಮಾತ್ರೆಂತ ಹೇಳಿದ್ ಶಾಲೆಗೆ ಹೋದ ಮೇಲೆನಾ? ಗೊತ್ತಿಲ್ಲೆ ಮಾರಾಯ. ಯಾಕೆ?”

ಎಲ್ಲವೂ ಈ ಒಂದು ಪದದ ಮೇಲೆ ನಿಂತಿತ್ತು. ಆಗ ಮನೆಯಲ್ಲಿ ಮಾತ್ರೆ ಎನ್ನುತ್ತಿದ್ದರೆ ನನ್ನ ಕಥೆಗೆ ನೆಲವೇ ಇಲ್ಲ. ಗುಳಿಗ ಎಂಬ ಹೆಸರನ್ನು ಐದು ವರ್ಷದ ಹುಡುಗ ಎಲ್ಲಿ ಕೇಳಿದ್ದ ಎಂದರೆ, ಎಲ್ಲಿ ಬೇಕಾದರೂ ಕೇಳಿರಬಹುದು. ನಮ್ಮ ಮನೆಯ ಹತ್ತಿರದ ಇನ್ನೊಂದು ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳ ಮಲಯಾಳ ಮಾತಿನಲ್ಲಿ ಅದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿತ್ತು.

“ನಾ ಹೇಳ್ದ್ ನಿಂಗೆ ಸರಿ ಕೇಳಿತ್ತಾ? ಗುಳಿಗ ಹೇಳ್ದ್ನಾ, ಗುಳಿಗೆ ಹೇಳ್ದ್ನಾ?”

ಈಗ ಕೈ ನಿಂತಿತು. “ನಿನ್ನ ಆ ಕಥೆ ನಂಗೆ ಗೊತ್ತುಟ್ಟು. ಬಾವ ಹೇಳಿದ್ದೊ. ನಾ ಕೆಪ್ಪಿ, ತಪ್ಪು ಕೇಳ್ದೆ ಅಂತ ತಾನೇ?”

“ಹಂಗಲ್ಲ…”

“ಇರ್ಲಿ. ನಾನೂ ಸಣ್ಣವಳೇ. ಒಂದ್ ಮಾತ್ ಕೇಳ್. ಪಾಪು ಹೋದ ಮೇಲೆ ಅವ್ವ ಊಟ ಬಿಟ್ಟಿತ್ತು. ಹಟ್ಟಿ ಬಾಗಿಲಲ್ಲಿ ಕುದ್ದು ‘ನಾ ಕಾದೆ, ನಾ ಕಾದೆ’ ಅಂತ ಅದೊಂದೇ ಮಾತು. ನಿಂಗೆ ಜ್ವರ, ನಿನ್ನ ನೋಡೋಕೂ ಬಾತಿಲ್ಲೆ. ಕಲ್ಲ್ ನೆಟ್ಟ ದಿನ ಸಂಜೆ ಅದ್ ಎದ್ದ್ ಬಂದ್ ಒಲೆ ಹೊತ್ತ್‌ಸಿತ್ತು. ನಂಗೆ ನೆನಪಿರ್ದು ಅದ್. ಗುಳಿಗೆ ಗುಳಿಗ ಅಲ್ಲ.”

ಅರೆಭಾಷೆಯಲ್ಲಿ ಹೆಂಗಸರನ್ನು ‘ಅದು’ ಎನ್ನುವುದು ರೂಢಿ, ಅದರಲ್ಲಿ ಅಗೌರವವಿಲ್ಲ. ಆದರೆ ಆ ದಿನ ಅಕ್ಕನ ಬಾಯಲ್ಲಿ ಅವ್ವ, ದೈವ, ಕಲ್ಲು ಎಲ್ಲವೂ ಒಂದೇ ‘ಅದು’ ಆಗಿ ಕೇಳಿಸಿ ನನಗೆ ಕಸಿವಿಸಿಯಾಯಿತು.

ನಮ್ಮ ಕಡೆ ಕಾಯಿಲೆ ಬಿದ್ದರೆ ಮೊದಲು ‘ಎಂತ ಆತ್’ ಎಂದು ಕೇಳುತ್ತಾರೆ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಮುಂದಿನ ಪ್ರಶ್ನೆ: ‘ಯಾರ್ದ್ ಉಪದ್ರ?’ ಯಾರದ್ದು ಎಂದು ಕೇಳಿದ ಮೇಲೆ ಯಾರೋ ಒಬ್ಬರು ಇರಲೇಬೇಕು. ಓದುವಾಗ ನಾನು ಇದನ್ನು ಬುದ್ಧಿಯ ದೌರ್ಬಲ್ಯವೆಂದು ತಿಳಿದಿದ್ದೆ: ಕಾರಣವಿಲ್ಲದ ಕಡೆ ಮನಸ್ಸು ಕಾರಣ ಹುಡುಕುತ್ತದೆ, ಅದರಲ್ಲೂ ಮುಖವಿರುವ ಕಾರಣವನ್ನು ಹುಡುಕುತ್ತದೆ, ಪೊದೆ ಅಲುಗಿದರೆ ಗಾಳಿ ಎನ್ನುವುದಕ್ಕಿಂತ ಹುಲಿ ಎಂದವನೇ ಬದುಕಿ ಉಳಿದ, ಇತ್ಯಾದಿ. ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಆ ವಿವರಣೆ ಸುಳ್ಳೆನಿಸಲಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಆಗಲೇ ಒಂದು ಉತ್ತರ ಇತ್ತಲ್ಲ, ಅದು ಅವ್ವನ ಮುಖವಾಗಿತ್ತಲ್ಲ ಎಂಬುದು ನನ್ನ ಯಾವ ಪಾಠದಲ್ಲೂ ಬಂದಿರಲಿಲ್ಲ. ಕಲ್ಲು ಬಂದದ್ದರಿಂದ ಆ ಮುಖ ಅಲ್ಲಿಂದ ಸರಿಯಿತು.

ಮಧ್ಯಾಹ್ನ ಅವ್ವನ ಹತ್ತಿರ ಹೋಗಿ ಕೂತೆ. ಅವಳು ಮಂಚದ ಮೇಲೆ ಕೂತು ಒಣಗಿಸಿದ ಹಲಸಿನ ಬೀಜಗಳ ಸಿಪ್ಪೆ ತೆಗೆಯುತ್ತಿದ್ದಳು. ಮೇಲೆ ಹಂಚು, ಹಂಚಿನ ಮೇಲೆ ಕೊಂಬೆ. ಗಾಳಿಗೆ ಎಲೆಗಳು ಹಂಚನ್ನು ಸವರುವ ಸದ್ದು.

“ಮುಂದಿನ ಕೋಣೆಗೆ ಬಾ ಅವ್ವ, ಮರ ಕಡಿಯೋ ತನಕ.”

“ಮರ ಕಡಿಯೊಕು ಅಂದ್ರೆ ಕಲ್ಲ್ ಏಳೊಕು. ಕಲ್ಲ್ ಏಳೊಕು ಅಂದ್ರೆ ನೀ ಹೇಳೊಕು. ಹೇಳಿಯನಾ?”

“ಹೇಳ್ತೇನೆ.”

ಅವಳು ಒಂದು ಬೀಜವನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟಳು. “ಕಂಡದ್ ಸತ್ಯ ಆದ್ರೆ ಮಾತ್ರ ಹೇಳ್. ಅವ್ವನ ಮೋರೆ ನೋಡ್ಕಂಡ್ ಹೇಳ್ಬೇಡ. ಸುಳ್ಳ್ ಹೇಳಿ ಕಲ್ಲ್ ಎತ್ತ್‌ಸಿರೆ ಈ ಮನೇಲಿ ಮಕ್ಕ ಉಳಿಯೋದಿಲ್ಲೆ. ಕಾಣದೆ ಇದ್ರೆ ಕಂಡಿಲ್ಲೆ ಅಂತ ಹೇಳ್. ನಾ ಇಲ್ಲೇ ಮಲಗ್ತೇನೆ. ಬೀಳ್ಲಿ.”

ನಾನೂ ಒಂದು ಬೀಜ ಎತ್ತಿಕೊಂಡು ಸುಲಿಯತೊಡಗಿದೆ. ಅವಳೇ ಮುಂದುವರಿಸಿದಳು, ಈ ಬಾರಿ ಬೀಜಗಳಿಗೆ ಹೇಳುವಂತೆ.

“ಪಾಪೂಗೂ ಕಂಡಿರ್ದು. ಆ ಕಡೆ ನೋಡ್ಕಂಡೇ ಅಳ್ತಿತ್ತು. ಅದಕ್ಕೆ ಹೇಳೋಕೆ ಬಾಯಿ ಇತ್ತಿಲ್ಲೆ. ನಿಂಗೆ ಬಾಯಿ ಇತ್ತು, ಉಳ್ದೆ.”

ಇದನ್ನು ಅವಳು ಹಿಂದೆಂದೂ ಹೇಳಿರಲಿಲ್ಲ. ಅಥವಾ ಹೇಳಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ. ಒಂದು ಮಗು ಸತ್ತು ಇನ್ನೊಂದು ಉಳಿದದ್ದಕ್ಕೆ ಅವಳಲ್ಲಿ ಇದ್ದ ಲೆಕ್ಕ ಇಷ್ಟೇ: ಒಂದಕ್ಕೆ ಮಾತು ಬರುತ್ತಿತ್ತು, ಇನ್ನೊಂದಕ್ಕೆ ಬರುತ್ತಿರಲಿಲ್ಲ. ನಾನು ಹೋಗಿ ‘ಅದು ನಾನು ಉಗಿದ ಗುಳಿಗೆ, ಅವ್ವ’ ಎಂದರೆ, ತಮ್ಮ ಮತ್ತೆ ಆ ಬೆಳಿಗ್ಗೆಗೆ ಹೋಗುತ್ತಾನೆ, ಅವ್ವ ಮತ್ತೆ ಹಟ್ಟಿ ಬಾಗಿಲಲ್ಲಿ ಕೂರುತ್ತಾಳೆ. ಈಗ ಅವಳನ್ನು ಎಬ್ಬಿಸಲು ಅಪ್ಪನೂ ಇಲ್ಲ. ಕಂಡೆ ಎಂದರೆ ಸುಳ್ಳು. ಅವಳು ಬೇಡವೆಂದ ಸುಳ್ಳು. ಕಂಡಿಲ್ಲ ಎನ್ನುವುದಾದರೂ ನಿಜವೇ? ಅದಕ್ಕೆ ಆಧಾರ ಒಬ್ಬ ಹುಡುಗನ ಬೆನ್ನು.

ಅವಳನ್ನೂ ಕೇಳಿದೆ, ಕೇಳಬಾರದೆಂದುಕೊಂಡರೂ: “ಅವ್ವ, ಆಗ ಜ್ವರದ ಮದ್ದಿಗೆ ನಾವ್ ಎಂತ ಹೇಳ್ತಿದ್ದೊ?”

“ಮದ್ದು,” ಎಂದಳು ಅವ್ವ. “ಮದ್ದಿಗೆ ಮದ್ದುಂತ ಹೇಳದೆ ಮತ್ತೆ ಎಂತ ಹೇಳ್ದು?”

ಆ ರಾತ್ರಿಯನ್ನು ವಿವರಿಸುವುದಿಲ್ಲ. ನಿದ್ದೆ ಬರಲಿಲ್ಲ ಎಂದಷ್ಟೇ ಹೇಳಿದರೆ ಸಾಕು. ನನ್ನ ಗುಳಿಗೆಯ ಕಥೆ ನನಗೆ ಏನು ಕೊಟ್ಟಿತ್ತು ಎಂದು ಯೋಚಿಸಿದೆ. ಅದರಲ್ಲಿ ನಾನು ದೈವ ಮೈಮೇಲೆ ಬಂದ ಹುಡುಗನಲ್ಲ, ಡಾಕ್ಟರಿಗೂ ಅವ್ವನಿಗೂ ಟೋಪಿ ಹಾಕಿದ ಚುರುಕು ಹುಡುಗ. ಮನೆಯವರೆಲ್ಲ ಬೇಸ್ತುಬಿದ್ದವರು, ಗುಟ್ಟು ಗೊತ್ತಿರುವವನು ನಾನೊಬ್ಬನೇ. ಅದರಲ್ಲಿ ತಮ್ಮನಿಗೆ ಜಾಗವೇ ಇರಲಿಲ್ಲ. ಮೈಸೂರಿನಲ್ಲಿ ಹೇಳುವಾಗ ಮಗು ಸತ್ತದ್ದನ್ನು ನಾನು ಬಿಟ್ಟುಬಿಡುತ್ತಿದ್ದೆ. ಹೇಳಿದರೆ ಜನ ನಗುವುದಿಲ್ಲ. ಅವ್ವನಿಗೆ ಮಗುವಿನ ಸಾವಿನಿಂದ ಪಾರಾಗಲು ಕಲ್ಲು ಬೇಕಾಗಿತ್ತು. ನನಗೂ ಅಲ್ಲಿಂದಲೇ ಪಾರಾಗಬೇಕಿತ್ತೋ ಏನೋ, ಗುಳಿಗೆ ಸಿಕ್ಕಿತು.

ಬೆಳಿಗ್ಗೆ ಪೂಜೆಯವರು ಬಂದರು. ಅಂದು ಕಲ್ಲು ನೆಟ್ಟವರ ಮಗ ಇವರು. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಬೈಕಿನ ಹಿಂದೆ ಕಟ್ಟಿದ್ದ ಗಂಟು ಬಿಚ್ಚಿಸಿ ನೋಡಿದರೆಂದು ಬೇಸರದಲ್ಲಿದ್ದರು. “ಗಾಂಜಾ ಅಲ್ಲ ಸಾರೇ, ಅರಿಶಿನ ಎಂದೆ. ಮೂಸಿ ನೋಡಿದರು. ಪೋಲೀಸರಿಗೂ ಒಂದು ಪ್ರಸಾದ ಆಯ್ತು.”

ಬಾವ ನಕ್ಕರು. ಅಕ್ಕ ನಗಲಿಲ್ಲ. ಅವ್ವನನ್ನು ಅವಳು ಕೈಹಿಡಿದು ಕರೆತಂದು ಹಿತ್ತಲಿನಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಮರ ಕಡಿಯುವವರು ಸ್ವಲ್ಪ ದೂರದಲ್ಲಿ ಗರಗಸವನ್ನು ಪಕ್ಕಕ್ಕಿಟ್ಟು ಬೀಡಿ ಹಚ್ಚಿ ಕಾಯುತ್ತಿದ್ದರು. ಪೂಜೆಯವರು ಕಲ್ಲಿನ ಸುತ್ತ ನೀರು ಚಿಮುಕಿಸಿ, ಅರಿಶಿನ ಇಟ್ಟು, ತಲೆ ಎತ್ತದೆ ಕೇಳಿದರು.

“ಸ್ಥಲಂ ಕಂಡದ್ ಆರ್?”

“ಇವ,” ಎಂದಳು ಅಕ್ಕ.

“ಬನ್ನಿ ಸಾರ್. ಕಲ್ಲು ಮುಟ್ಟಿ. ಅಂದು ಹೇಗೆ ಹೇಳಿದ್ರೋ ಹಾಗೇ ಹೇಳಿ. ನಿಮ್ಮ ಮಾತಲ್ಲೇ.”

ಹೋಗಿ ಕುಕ್ಕರಗಾಲಲ್ಲಿ ಕೂತೆ. ಬೇರುಗಳ ನಡುವೆ ನಿಜವಾಗಿಯೂ ತರಗೆಲೆ ಇತ್ತು. ಹಲಸಿನ ಬುಡದಲ್ಲಿ ಇನ್ನೇನಿರುತ್ತದೆ? ಕೈ ಕಲ್ಲಿನ ಮೇಲಿತ್ತು, ಕಣ್ಣು ಮಾತ್ರ ಬೇರುಗಳ ಸಂದಿಯ ಮಣ್ಣಿನಲ್ಲಿ ಏನನ್ನೋ ಹುಡುಕುತ್ತಿತ್ತು. ಏನನ್ನು ಎಂದು ಹೊಳೆದಾಗ ನಾಚಿಕೆಯಾಯಿತು. ಇಷ್ಟು ಮಳೆಗಾಲ ಕಳೆದ ಮೇಲೆ, ಮಣ್ಣಿನಲ್ಲಿ ಕರಗದೆ ಉಳಿದ ಒಂದು ಬಿಳಿ ಗುಳಿಗೆಯನ್ನು ಹುಡುಕುತ್ತಿದ್ದೆ. ಕಾಣಿಸಿದರೆ ಎಲ್ಲ ತೀರ್ಮಾನವಾಗುತ್ತಿತ್ತು. ಹಿಂದೆ ಅವ್ವನ ಉಸಿರು ಕೇಳುತ್ತಿತ್ತು.

ಕಂಡೆ ಎನ್ನಲು ಬಾಯಿ ಬರಲಿಲ್ಲ. ಕಂಡಿಲ್ಲ ಎನ್ನಲೂ ಬರಲಿಲ್ಲ. ಅಂದು ಹೇಗೆ ಹೇಳಿದ್ದೆನೋ ಹಾಗೇ ಹೇಳಿ ಎಂದಿದ್ದರು. ಅಷ್ಟನ್ನೇ ಹೇಳಿದೆ.

“ಅಲ್ಲಿ ಗುಳಿಗುಟ್ಟು.”

ಯಾವ ಗುಳಿಗ, ಯಾವ ಗುಳಿಗೆ ಎಂದು ಯಾರೂ ಕೇಳಲಿಲ್ಲ. ಆದರೆ ಹೇಳಿದ ಕೂಡಲೇ ನನ್ನ ತೋಳಿನ ಕೂದಲು ಎದ್ದು ನಿಂತಿತು. ಬೆಳಗಿನ ಚಳಿ, ನಿದ್ದೆಗೆಟ್ಟ ಮೈ, ಸುತ್ತ ನಿಂತವರ ಮೌನ. ಕಾರಣಗಳು ಎಲ್ಲವೂ ನನಗೆ ಗೊತ್ತು. ಗೊತ್ತಿದ್ದರೂ ಕೂದಲು ಕೂರಲಿಲ್ಲ.

ಅವ್ವ ಕುರ್ಚಿಯಿಂದ ಮುಂದೆ ಬಾಗಿದ್ದಳು.

“ಹಿಂಗೆನೇ,” ಎಂದಳು. “ಅಂದೂ ಹಿಂಗೆನೇ ಹೇಳ್ದ್. ಇದೇ ಸ್ವರ.”

ಇದೇ ಸ್ವರ ಆಗಿರಲು ಸಾಧ್ಯವಿಲ್ಲ. ಅದು ಐದು ವರ್ಷದ ಹುಡುಗನದು, ಇದು ಐವತ್ತು ದಾಟುತ್ತಿರುವ ಗಂಡಸಿನದು. ಅಂದು ಅವಳು ಅದನ್ನು ನನ್ನ ಬಾಯಿಂದ ಕೇಳಿರಲೂ ಇಲ್ಲ. ಅಕ್ಕನ ಬಾಯಿಂದ ಕೇಳಿದ್ದು. ನನ್ನ ಕಣ್ಣೆದುರೇ ಅವಳ ನೆನಪು ಹೊಸ ಸ್ವರವನ್ನು ಎತ್ತಿಕೊಂಡು ಹಳೆಯ ಜಾಗದಲ್ಲಿ ಇಟ್ಟಿತು. ಅಕ್ಕ ನನ್ನ ಕಡೆ ನೋಡಿದಳು. ಅವಳಿಗೂ ಇದು ತಿಳಿಯಿತೆಂದು ನನಗನಿಸಿತು. ಅವಳು ಅವ್ವನ ಸೆರಗು ಸರಿಮಾಡಿ, “ಹೌದವ್ವ, ಇದೇ ಸ್ವರ,” ಎಂದಳು.

ಕಲ್ಲು ಎದ್ದು ಕಟ್ಟೆಯ ಪಕ್ಕದ ಸಂಪಿಗೆಯ ಕೆಳಗೆ ಹೋಯಿತು. ಸಂಜೆಗೆ ಹಲಸು ಉರುಳಿತು. ಅವ್ವ ತನ್ನ ಕೋಣೆಯಲ್ಲೇ ಮಲಗುತ್ತಾಳೆ; ಈಗ ಅಲ್ಲಿ ಬಿಸಿಲು ಜಾಸ್ತಿ ಎಂದು ದೂರುತ್ತಾಳಂತೆ. ನನಗೆ ಇದರಿಂದ ಸಮಾಧಾನವಾಗಬೇಕಿತ್ತು.

ಪೊನ್ನಂಪೇಟೆಗೆ ಮರಳಿದ ಮೇಲೆ ಹಲವು ಸಲ ಆ ಬಗ್ಗಿದ ಹುಡುಗನನ್ನು ಕರೆದುನೋಡಿದ್ದೇನೆ. ಬರುವುದಿಲ್ಲ. ಎಲೆ ಸರಿಸುವ ಕೈ ಬರುತ್ತದೆ, ಆದರೆ ಅದರ ಮೇಲೆ ನನ್ನ ಈಗಿನ ಕೈಗಡಿಯಾರವಿದೆ. ಕಚೇರಿಯಲ್ಲಿ ಯಾರೋ ಹಳೆಯ ಸಹೋದ್ಯೋಗಿ, ಸಾರ್, ನಿಮ್ಮ ಆ ಗುಳಿಗೆ ಕಥೆ ಹೊಸಬರಿಗೆ ಹೇಳಿ ಎಂದರೆ ಮರೆತುಹೋಯಿತು ಎನ್ನುತ್ತೇನೆ. ಅವರು ನಗುತ್ತಾರೆ, ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು.

ಆ ಮಾತನ್ನು ಆಡಿದ ನೆನಪು ಈಗ ನನಗಿದೆ. ಕಲ್ಲಿನ ತಂಪು, ಅರಿಶಿನದ ವಾಸನೆ, ಹಿಂದೆ ಅವ್ವನ ಉಸಿರು. ಕಿಟಕಿ, ಜ್ವರ, ಮಂಚದ ಪಕ್ಕ ಅಕ್ಕ ಇವೂ ನಿಧಾನವಾಗಿ ಅದಕ್ಕೆ ಬಂದು ಸೇರಿಕೊಳ್ಳುತ್ತಿವೆ. ತಡೆಯಲು ನೋಡುತ್ತೇನೆ. ಮೊನ್ನೆಯಿಂದ ಅದರಲ್ಲಿ ಒಂದು ಮಗುವಿನ ಅಳುವೂ ಕೇಳುತ್ತಿದೆ.